ಮೂರನೇ ಬಾಗಿಲ ಕಲ್ಲು

ಹುತ್ರಿದುರ್ಗದ ಕೋಟೆ ನೋಡೋಕೆ ಬರುವವರಿಗೆ ಮೂಡಲಗಿರಿಯಪ್ಪ ಬೈಯುತ್ತಲೇ ದಾರಿ ತೋರಿಸುತ್ತಿದ್ದ. ಗೋಡೆಗೆ ಇದ್ದಿಲಲ್ಲಿ ಹೆಸರು ಗೀಚಿದವನಿಗೂ ಬೈಗುಳ, ಹೆಬ್ಬಾಗಿಲ ಮೂಲೆಯಲ್ಲಿ ಉಚ್ಚೆ ಹೊಯ್ದವನಿಗೂ ಬೈಗುಳ. ಯಾರೂ ಅವನನ್ನು ಈ ಕೆಲಸಕ್ಕೆ ಇಟ್ಟಿರಲಿಲ್ಲ. ಪಾಳೇಗಾರರ ಕಾಲದಲ್ಲಿ ಅದು ಗಡಿ ಕಾಯುವ ಕೋಟೆ. ಗಡಿ ಯಾವತ್ತೋ ಅಳಿಸಿಹೋಗಿ, ಮೂರನೇ ಬಾಗಿಲ ಒಳಗೆ ಒಂಬತ್ತು ಮನೆ ಮಾತ್ರ ಉಳಿದಿದ್ದವು. ಅದರಲ್ಲಿ ಒಂದು ಅವನದು. ಹಿಂದಿನ ಗೋಡೆ ಕಟ್ಟಿಸುವ ಕೆಲಸವೇ ಇರಲಿಲ್ಲ, ಬೆಟ್ಟದ ಬಂಡೆಯೇ ಗೋಡೆ.

ಎಂಬತ್ಮೂರನೇ ಇಸವಿಯ ಸುಗ್ಗಿ ಮುಗಿದ ಮೇಲೆ ಜೀಪಿನಲ್ಲಿ ಬಂದ ನಾಲ್ವರು ಆ ಬಂಡೆ ಅಳೆದು, ಸುಣ್ಣದಲ್ಲಿ ಗೆರೆ ಎಳೆದು ಹೋದರು. ಕಲ್ಲುಗಣಿ ಬರುತ್ತದಂತೆ. ಮದ್ದಿಟ್ಟು ಸಿಡಿಸುವ ಜಾಗದಲ್ಲಿ ಮನೆ ಇರಕೂಡದಂತೆ, ಒಂಬತ್ತೂ ಖಾಲಿ ಮಾಡಬೇಕಂತೆ.

ಮೂಡಲಗಿರಿಯಪ್ಪನಿಗೆ ಉಳಿದಿದ್ದು ಒಂದೇ ದಾರಿ. ಎರಡು ವರ್ಷದ ಹಿಂದೆ ತುಮಕೂರಿನ ಕಾಲೇಜೊಂದರಲ್ಲಿ ಚರಿತ್ರೆ ಹೇಳುವ ಸುಬ್ಬಕೃಷ್ಣ ಅನ್ನುವ ಮೇಷ್ಟ್ರು ಹುಡುಗರನ್ನು ಕಟ್ಟಿಕೊಂಡು ಬಂದಿದ್ದರು. ಮೂರನೇ ಬಾಗಿಲ ಪಕ್ಕ ನಿಂತ ಕಲ್ಲಿನ ಮೇಲೆ ಕೈಯಾಡಿಸಿ, ಇದು ಶಾಸನ, ಯಾವ ಪುಸ್ತಕದಲ್ಲೂ ಅಚ್ಚಾಗಿಲ್ಲ, ಓದಿ ಸರ್ಕಾರಕ್ಕೆ ಬರೆದರೆ ಇಲ್ಲಿ ಯಾರೂ ಒಂದು ಚಕ್ಕೆ ಎಬ್ಬಿಸುವ ಹಾಗಿಲ್ಲ ಅಂದಿದ್ದರು. ಅವರಿಗೆ ಕಾರ್ಡು ಬರೆದ. ಬರುವ ಭಾನುವಾರ ಕಾಗದ, ಮಸಿ ತಂದು ಅಚ್ಚು ತೆಗೆಯುತ್ತೇನೆ ಅಂತ ಉತ್ತರ ಬಂತು. ಒಂಬತ್ತು ಮನೆಯವರೂ ಆ ಕಾರ್ಡನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು.

ಕಲ್ಲು ನೋಡಿದರೆ ಮಾತ್ರ ಅವನಿಗೆ ಧೈರ್ಯ ಸಾಲುತ್ತಿರಲಿಲ್ಲ. ಅವನಪ್ಪ, ಅವನಜ್ಜ ಪಿತೃಪಕ್ಷದ ಅಮಾವಾಸ್ಯೆಗೆ ಅದಕ್ಕೆ ಎಣ್ಣೆ ಬಳಿದು ಸುಣ್ಣ ಹೊಡೆಯುತ್ತಿದ್ದರು, ಅವನೂ ಹೊಡೆದಿದ್ದ. ಅಕ್ಷರವೆಲ್ಲ ಮುಚ್ಚಿಹೋಗಿ ಅಲ್ಲೊಂದು ಇಲ್ಲೊಂದು ಗೀಟು ಕಾಣುತ್ತಿತ್ತು. ಅಷ್ಟು ದೂರದಿಂದ ಬಂದವರು ಏನೂ ಕಾಣುತ್ತಿಲ್ಲ ಅಂತ ವಾಪಸ್ಸು ಹೋದರೆ?

ಅಣ್ಣಯ್ಯಪ್ಪನನ್ನು ಕರೆದ. ಅಣ್ಣಯ್ಯಪ್ಪನದೂ ಆ ಒಂಬತ್ತರಲ್ಲಿ ಒಂದು ಮನೆ. ಸವೆದ ಒರಳುಕಲ್ಲು, ಬೀಸೋಕಲ್ಲಿಗೆ ಉಳಿ ಹೊಡೆದು ಮತ್ತೆ ತರಿ ಎಬ್ಬಿಸಿ ಕೊಡುವುದು ಅವನ ಕಸುಬು. ಓದು ಬರದು. ಬಂದವರು ನೋಡಿಕೊಳ್ಳುತ್ತಾರೆ, ಕಲ್ಲಿನ ತಂಟೆಗೆ ಹೋಗಬೇಡಿ ಅಂತ ಮೂಡಲಗಿರಿಯಪ್ಪನ ಹೆಂಡತಿ ರೇವಮ್ಮ ಅಂದಳು. ನಿನಗೇನು ತಿಳಿಯುತ್ತೆ ಅಂತ ಅವಳ ಬಾಯಿ ಮುಚ್ಚಿಸಿದ.

ಅಣ್ಣಯ್ಯಪ್ಪ ಉಳಿ ಹಿಡಿದು ತಲೆ ಕೆರೆದುಕೊಂಡ. "ಯಾವ್ದು ಅಕ್ಸರ, ಯಾವ್ದು ಬಿರುಕು, ನಂಗೊತ್ತಾಗಕಿಲ್ಲ ಕಣಣ್ಣ."

"ಕಂಡಿದ್ದನ್ನೆಲ್ಲ ಆಳ ಮಾಡ್ಲಾ. ಓದೋರು ಓದ್ಕತಾರೆ."

ಎರಡು ದಿನ ಹೊಡೆದ. ಕೂಲಿ ಕೇಳಲಿಲ್ಲ. ಹೆಬ್ಬೆರಳು ಜಜ್ಜಿಕೊಂಡು ಬಟ್ಟೆ ಸುತ್ತಿಕೊಂಡ. ಶನಿವಾರ ಸಂಜೆ ನಿಂತು ನೋಡಿದರೆ ಹತ್ತು ಮಾರು ದೂರಕ್ಕೂ ಸಾಲು ಸಾಲಾಗಿ ಎದ್ದು ಕಾಣುತ್ತಿತ್ತು. ಮೂಡಲಗಿರಿಯಪ್ಪ ಅವತ್ತು ಹೊಟ್ಟೆ ತುಂಬ ಉಂಡ.

ಭಾನುವಾರ ಕುಣಿಗಲ್ಲಿನ ಬಸ್ಸಿಳಿದ ಮೇಷ್ಟ್ರು ಮೊದಲನೇ ಬಾಗಿಲಲ್ಲಿ ನಿಂತರು, ಎರಡನೆಯದರಲ್ಲಿ ಕಂಬ ಮುಟ್ಟಿ ನೋಡಿದರು. ಅದೆಲ್ಲ ಆಮೇಲೆ ನೋಡಬಹುದು ಬನ್ನಿ ಅಂತ ಮೂಡಲಗಿರಿಯಪ್ಪ ಅವಸರ ಮಾಡಿ ಮೂರನೆಯದಕ್ಕೆ ಕರೆದುಕೊಂಡು ಹೋದ.

ಕಲ್ಲಿನ ಮುಂದೆ ಮೇಷ್ಟ್ರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ಇದನ್ನ ಯಾರು ಮಾಡಿದ್ದು?"

"ನಾನೇ ಮಾಡಿಸ್ದೆ ಸ್ವಾಮಿ. ನಿಮಗೆ ಕಾಣ್ಲಿ ಅಂತ."

ಮೇಷ್ಟ್ರು ಚೀಲದಿಂದ ಕಾಗದ, ಮಸಿ ತೆಗೆದರು. ಒದ್ದೆ ಕಾಗದ ಅಂಟಿಸಿ, ಕುಂಚದಿಂದ ಬಡಿದು, ಮಸಿ ಒತ್ತಿದರು. ಕೆತ್ತಿದ್ದು ಮಾತ್ರ ಬಿಳಿಯಾಗಿ ಉಳಿಯಬೇಕಂತೆ. ಬಿಡಿಸಿ ಹಿಡಿದರೆ ಕಾಗದದ ತುಂಬ ಸಿಡುಬೆದ್ದ ಹಾಗೆ ಬಿಳಿ ಚುಕ್ಕೆ. ಅಕ್ಷರ, ಬಿರುಕು, ಹಳೇ ಏಟು ಎಲ್ಲ ಒಂದೇ ಆಳ.

"ಒಂದಕ್ಷರಾನೂ ಇಲ್ವಾ?"

"ಇಲ್ಲಪ್ಪ. ಇದನ್ನ ಕಳಿಸಿದ್ರೆ, ಗಣಿ ತಪ್ಪಿಸೋಕೆ ನೀವೇ ಹೋದ ವಾರ ಕೆತ್ತಿಸಿದ್ದು ಅಂತಾರೆ. ಅಲ್ಲ ಅಂತ ನಾನು ಹೇಗೆ ಹೇಳ್ಲಿ?"

ಮೂಡಲಗಿರಿಯಪ್ಪನಿಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಅನ್ನುವುದು ತಿಳಿಯಲಿಲ್ಲ. "ಅವತ್ತು ಕೈಯಾಡಿಸಿದ್ರಲ್ಲ, ಅವತ್ತೇನು ಓದಿದ್ರಿ?"

ಮೇಷ್ಟ್ರು ತಲೆ ತಗ್ಗಿಸಿದರು. "ಮೊದಲನೇ ಸಾಲಲ್ಲಿ ‘ಬಾಗಿಲ ಕಾವ’ ಅಂತಿತ್ತು. ಮುಂದೆ ಒಬ್ಬನ ಹೆಸರು. ಅಷ್ಟರಲ್ಲಿ ಬಸ್ಸಿಗೆ ಹೊತ್ತಾಯ್ತು, ಬರಕೊಳ್ಳಲಿಲ್ಲ."

ಅವನು ಕಲ್ಲಿನ ಹತ್ತಿರ ಹೋಗಿ ಮೊದಲನೇ ಸಾಲಿನ ಮೇಲೆ ಕೈಯಿಟ್ಟ. ಹೊಸ ತರಿ ಅಂಗೈಗೆ ಚುಚ್ಚಿತು. ಕಾಳು ಹಾಕಿದ್ದರೆ ಚೆನ್ನಾಗಿ ಅರೆಯುತ್ತಿತ್ತು.

ಮೇಷ್ಟ್ರನ್ನು ಬಸ್ಸು ಹತ್ತಿಸಿ ಬಂದಾಗ ಉಳಿದ ಎಂಟೂ ಮನೆಯವರು ಅವನ ಜಗಲಿ ಮೇಲೆ ಕೂತಿದ್ದರು. ಅಣ್ಣಯ್ಯಪ್ಪ ಎಲ್ಲರಿಗಿಂತ ಮುಂದೆ ಎದ್ದು ಬಂದ.

"ಅಕ್ಸರ ಚೆನ್ನಾಗ್ ಕಂಡ್ವಾ ಅಣ್ಣ?"

ಬೈಗುಳ ನಾಲಿಗೆ ತನಕ ಬಂದು ನಿಂತಿತು. ಬಟ್ಟೆ ಸುತ್ತಿದ ಆ ಹೆಬ್ಬೆರಳು ನೋಡಿದ.

"ಕಂಡ್ವು ಬುಡು," ಅಂದ. ಆಮೇಲೆ ಯಾರ ಮುಖವನ್ನೂ ನೋಡದೆ, ಕೆಳಗೆ ಎಲ್ಲಾದರೂ ಜಾಗ ನೋಡಿಕೊಳ್ಳಿ, ತಪ್ಪು ನನ್ನದೇ ಅಂತ ಹೇಳಿದ.

ಯಾರೂ ಏಳಲಿಲ್ಲ. ಒಳಗೆ ರೇವಮ್ಮ ಏಣಿ ಹಾಕಿ, ಅಟ್ಟದ ಮೇಲಿನ ಹಂಡೆ ಇಳಿಸತೊಡಗಿದಳು.