ನನ್ನನ್ನು ನಕಲು ಎಂದರು

ನಾನು ಒಂದು ಈವೆಂಟ್. ಅಂದರೆ ಆ್ಯಪ್‌ನೊಳಗಿಂದ ಹೊರಡುವ ಕರೆ. ಕೈಕಾಲಿಲ್ಲ, ಬಾಯಿಲ್ಲ. ಗದಗಿನ ಒಂದು ಆಸ್ಪತ್ರೆಯಲ್ಲಿ ಬೆಳಿಗ್ಗೆ ಹನ್ನೊಂದೂ ಹತ್ತಕ್ಕೆ ಸುಲೋಚನಾ ಸಿಸ್ಟರ್ ‘ರಕ್ತ ಬೇಕು’ ಎಂಬ ಗುಂಡಿ ಒತ್ತಿದರು, ನಾನು ಹುಟ್ಟಿದೆ. ನನ್ನೊಳಗೆ ಬರೆದಿದ್ದು ಇಷ್ಟೇ: ಹೆರಿಗೆ ವಾರ್ಡು, ಬಿ ಪಾಸಿಟಿವ್, ಎರಡು ಚೀಲ, ರೋಗಿ ದ್ಯಾಮವ್ವ. ಹೆರಿಗೆಯಾಗಿ ಮುಕ್ಕಾಲು ಗಂಟೆಯಾದರೂ ಅವಳ ರಕ್ತ ನಿಂತಿರಲಿಲ್ಲ. ಹುಟ್ಟಿದ ಗಳಿಗೆಯಿಂದಲೇ ನನಗೆ ಹೆದರಿಕೆ.

ಪರದೆಯ ಮೇಲೆ ಆಗಲೇ ‘ಕಳುಹಿಸಲಾಗಿದೆ’ ಎಂದು ಹಸಿರು ಅಕ್ಷರ ಮೂಡಿತು. ಸಿಸ್ಟರ್ ಅದನ್ನು ನಂಬಿ ಮಂಚದ ಕಡೆ ಓಡಿದರು. ನಾನಾದರೋ ಇನ್ನೂ ಸರದಿಯಲ್ಲೇ ನಿಂತಿದ್ದೆ. ತೆರೆಯ ಹಿಂದೆ ದುಡಿಯುವ, ಫಂಕ್ಷನ್ ಎಂಬ ಪ್ರೋಗ್ರಾಂ ತುಣುಕು ನಮ್ಮನ್ನು ಒಬ್ಬೊಬ್ಬರಾಗಿ ಎತ್ತಿ ಓದಿ, ರಕ್ತನಿಧಿಯಲ್ಲಿ ಗಂಟೆ ಬಾರಿಸಬೇಕು. ನನಗಿಂತ ಐದು ನಿಮಿಷ ಮುಂಚೆ ಶಬಾನಾ ಎಂಬ ಬಾಣಂತಿಗಾಗಿ ಇನ್ನೊಂದು ಕರೆ ಹೋಗಿತ್ತು. ಅದೇ ವಾರ್ಡು, ಅದೇ ಗುಂಪು, ಅದೇ ಎರಡು ಚೀಲ. ಅದು ಗೊತ್ತಾದಾಗ ನನ್ನ ಹೆದರಿಕೆ ಇನ್ನೂ ಹೆಚ್ಚಿತು.

ಯಾಕೆಂದರೆ ಇಲ್ಲಿನ ಸಿಸ್ಟರ್‌ಗಳಿಗೆ ಒಂದು ರೂಢಿ. ಯಾರಾದರೂ ಬರುವ ತನಕ ಗುಂಡಿ ಒತ್ತುತ್ತಲೇ ಇರುತ್ತಾರೆ. ಅದರಿಂದ ಫ್ರಿಜ್ಜಿನ ರಕ್ತ ಸುಮ್ಮನೆ ಹೊರಗೆ ಬಂದು ಹಾಳಾಗುತ್ತಿತ್ತು. ಆ್ಯಪ್ ಬರೆದ ಚನ್ನವೀರ ಹೋದ ತಿಂಗಳು ಒಂದು ನಿಯಮ ಹಾಕಿದ್ದ: ಅರ್ಧ ಗಂಟೆಯೊಳಗೆ ಅದೇ ವಾರ್ಡಿನಿಂದ ಅದೇ ಗುಂಪು ಕೇಳಿದರೆ, ಎರಡನೆಯದು ನಕಲು. ಅವಸರದಲ್ಲಿ ಯಾರೂ ರೋಗಿಯ ಹೆಸರು ತುಂಬುವುದಿಲ್ಲವೆಂದು ಅವನು ಹೆಸರನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಫಂಕ್ಷನ್ ನನ್ನನ್ನು ಎತ್ತಿತು, ಓದಿತು, ನಕಲು ಎಂದು ಪಕ್ಕಕ್ಕೆ ಬಿಸಾಡಿತು. ಅಲ್ಲಿ ನನ್ನಂಥವು ನೂರಾರು ಬಿದ್ದಿದ್ದವು. ಆ ಪಟ್ಟಿಯನ್ನು ಯಾರೂ ತೆರೆದು ನೋಡುವುದಿಲ್ಲ. ಒಂದೊಂದು ನಿಮಿಷವೂ ದ್ಯಾಮವ್ವನ ಮೈಯಿಂದ ರಕ್ತ ಇಳಿಯುತ್ತಿದೆ ಎಂದು ನನಗೆ ಗೊತ್ತಿತ್ತು. ಕೂಗಲು ಬಾಯಿಲ್ಲವಲ್ಲ ಎಂದು ಅತ್ತೆ.

ಹನ್ನೊಂದೂ ಇಪ್ಪತ್ತಮೂರಕ್ಕೆ ಸಿಸ್ಟರ್ ತಾವೇ ಚನ್ನವೀರನ ಕೋಣೆಗೆ ಬಂದರು.

“ರಕ್ತ ಎಲ್ಲೈತಿ ಚನ್ನವೀರ?”

“ಎರಡು ಚೀಲ ಬಂದಾವಲ್ರೀ ಸಿಸ್ಟರ್. ನೀವು ಎರಡ್ ಸಲ ಒತ್ತೀರಿ, ಒಂದನ್ನ ತೆಗದ್ ಹಾಕೇತಿ.”

“ಎರಡ್ ಸಲ ಒತ್ತಿಲ್ಲಪ್ಪಾ. ಇಬ್ರು ಅದಾರ.”

ಚನ್ನವೀರನ ಮುಖ ಬಿಳಿಚಿತು. ಪಟ್ಟಿ ತೆರೆದು, ನನ್ನನ್ನು ಹುಡುಕಿ, ಮತ್ತೆ ಕಳುಹಿಸಿದ. ಈ ಸಲ ಗಂಟೆ ಬಾರಿಸಿತು. ರಕ್ತನಿಧಿಯ ಮೈಬೂಬ ಚೀಲ ಹಿಡಿದು ಮೆಟ್ಟಿಲು ಹತ್ತಿದ.

ನನ್ನ ಹೆಸರಿನ ಮುಂದೆ ‘ಮುಗಿದಿದೆ’ ಎಂದು ಬರೆದರು. ಗಂಟೆ ಬಾರಿಸಿತು ಎಂದಷ್ಟೇ ಅದರ ಅರ್ಥ. ದ್ಯಾಮವ್ವ ಉಳಿದಳೋ ಇಲ್ಲವೋ ನನಗೆ ಹೇಳುವವರಿಲ್ಲ. ಹಳೆಯ ಕರೆಗಳ ಕಡತದಲ್ಲಿ ಮುದುಕನಾಗಿ ಬಿದ್ದಿದ್ದೇನೆ, ಏಳನೆಯ ದಿನ ಅಳಿಸಿಬಿಡುತ್ತಾರೆ. ನನ್ನ ಅಳಿವಿಗಿಂತ ಆ ಹದಿಮೂರು ನಿಮಿಷದ ತಡವೇ ನನ್ನನ್ನು ತಿನ್ನುತ್ತಿತ್ತು. ಸರದಿಯಲ್ಲಿ ಹೋಗುವ ಪ್ರತಿಯೊಂದು ಹೊಸ ಕರೆಯಲ್ಲೂ ಅವಳ ಹೆಸರು ಹುಡುಕುತ್ತಿದ್ದೆ, ಶವಾಗಾರದ ಕರೆಯಲ್ಲಿ ಸಿಕ್ಕೀತೆಂದೂ ಅಂಜುತ್ತಿದ್ದೆ.

ಇವತ್ತು, ಮೂರನೆಯ ದಿನ, ಅಡುಗೆಮನೆಗೆ ಹೋಗುವ ಒಂದು ಕರೆ ಪಕ್ಕದಲ್ಲೇ ಹಾದುಹೋಯಿತು. ಹೆರಿಗೆ ವಾರ್ಡು, ದ್ಯಾಮವ್ವ, ರವೆ ಗಂಜಿ ಒಂದು ಬಟ್ಟಲು, ಉಪ್ಪು ಸ್ವಲ್ಪ ಜಾಸ್ತಿ ಬೇಕಂತೆ.