ನನ್ನ ಹೆಸರಿಗೆ ಬಿದ್ದ ಟಗರು

ಫಲಿತಾಂಶ ಬಂದ ದಿನ ನನ್ನ ಗಂಡ ಹಾಲಿಸ್ ಊಟ ಮಾಡಲಿಲ್ಲ. ಜ್ವರವಿರಲಿಲ್ಲ, ಹಲ್ಲುನೋವೂ ಇರಲಿಲ್ಲ. ಮರುಭೂಮಿಯ ಕಾಡುಕುರಿ ಬೇಟೆಯ ಚೀಟಿ ಕೊನೆಗೂ ನಮ್ಮ ಮನೆಗೆ ಬಿದ್ದಿತ್ತು. ಆದರೆ ಅವನ ಹೆಸರಿಗಲ್ಲ, ನನ್ನ ಹೆಸರಿಗೆ.

ನಮ್ಮ ನೆವಾಡಾದಲ್ಲಿ ಈ ಕಾಡುಕುರಿಯ ಟಗರು ಹೊಡೆಯಬೇಕೆಂದರೆ ಸರ್ಕಾರ ಎತ್ತುವ ಚೀಟಿಯಲ್ಲಿ ಹೆಸರು ಬರಬೇಕು. ಅರ್ಜಿ ಹಾಕುವವರು ಸಾವಿರಾರು ಮಂದಿ, ಟಗರುಗಳು ಬೆರಳೆಣಿಕೆ. ಹೆಸರು ಬರುವ ಮೊದಲೇ ಸತ್ತವರೂ ಇದ್ದಾರೆ. ಹಾಲಿಸ್ ನಮ್ಮ ಮಗಳು ಹುಟ್ಟುವ ಮೊದಲಿನಿಂದ ಪ್ರತಿ ವಸಂತದಲ್ಲೂ ಅರ್ಜಿ ಹಾಕುತ್ತಿದ್ದ. ಈಗ ಆ ಮಗಳಿಗೇ ಮಕ್ಕಳಾಗಿವೆ. ಈ ಸಲ ಅವನು ನನ್ನ ಹೆಸರಿನಲ್ಲೂ ಒಂದು ಅರ್ಜಿ ಹಾಕಿದ್ದ.

"ಎರಡು ಗಾಳ ಹಾಕಿದ್ರೆ ಒಂದಕ್ಕಾದ್ರೂ ಕಚ್ಚುತ್ತೆ ಟ್ವೈಲಾ," ಅಂದಿದ್ದ. "ನಿನ್ನ ಹೆಸರಿಗೆ ಬಂದ್ರೂ ನಮ್ಮದೇ ತಾನೆ?"

ಇಲ್ಲಿನ ಗಂಡಸರು ಹೀಗೆ ಹೆಂಡತಿಯ ಹೆಸರು, ಅತ್ತೆಯ ಹೆಸರು ಎಲ್ಲ ಸೇರಿಸುವುದುಂಟು. ಯಾರ ಹೆಸರಿಗೆ ಬೀಳುತ್ತದೋ ಅವರೇ ಗುಂಡು ಹಾರಿಸಬೇಕು ಅನ್ನುವುದು ಕಾನೂನು. ಅದು ಹಾಲಿಸ್‌ಗೆ ಗೊತ್ತಿರಲಿಲ್ಲವೆಂದಲ್ಲ. ಕಾನೂನು ತನ್ನ ಮನೆಯೊಳಗೇ ಬಂದು ಕೂರುತ್ತದೆ ಅಂದುಕೊಂಡಿರಲಿಲ್ಲ, ಅಷ್ಟೆ.

ನನಗೆ ಬಂದೂಕು ಹೊಸದಲ್ಲ. ಅಪ್ಪನ ದನದ ಕಾವಲಿನಲ್ಲಿ ಬೆಳೆದವಳು, ಜಿಂಕೆ ಹೊಡೆದು ಚರ್ಮ ಸುಲಿದು ಗೊತ್ತು. ಆದರೆ ಕಾಡುಕುರಿಯ ಆಸೆ ನನಗಿರಲಿಲ್ಲ. ಅದು ಹಾಲಿಸ್‌ನ ಆಸೆ. ರಸ್ತೆ ಇಲಾಖೆಯಲ್ಲಿ ವಾರವಿಡೀ ನೆಲ ಮಟ್ಟ ಮಾಡುವ ಗ್ರೇಡರ್ ಯಂತ್ರ ಓಡಿಸಿ, ರಜೆ ಬಂತೆಂದರೆ ದುರ್ಬೀನು ಹೆಗಲಿಗೇರಿಸಿ ಊರಿನ ಪೂರ್ವಕ್ಕಿರುವ ಬೋಳು ಬೆಟ್ಟಕ್ಕೆ ಹೊರಟುಬಿಡುತ್ತಿದ್ದ. ನಾನು ಶಾಲೆಯ ಅಡುಗೆಮನೆಯಲ್ಲಿ ದುಡಿದು ಬಂದು ಒಬ್ಬಳೇ ಉಣ್ಣುತ್ತಿದ್ದೆ. ಬೇರೆ ಹೆಣ್ಣಾಗಿದ್ದರೆ ಜುಟ್ಟು ಹಿಡಿದು ಜಗಳವಾಡಬಹುದಿತ್ತು. ಬೆಟ್ಟಕ್ಕೆ ಜುಟ್ಟೆಲ್ಲಿದೆ? ನಿಜ ಹೇಳಬೇಕೆಂದರೆ, ನನಗೆ ಆ ಬೆಟ್ಟದ ಮೇಲೆ ಸವತಿ ಮತ್ಸರ.

ಮಾರನೆಯ ದಿನ ತಂಗಿ ನೋರೀನ್ ಪೀಚ್ ಹಣ್ಣಿನ ಪೈ ಮಾಡಿಕೊಂಡು ಬಂದಳು.

"ಏನ್ ಭಾವ, ಮುಖ ಹರಳೆಣ್ಣೆ ಕುಡಿದ ಹಾಗಿದೆ? ಮನೆಗೆ ಟಗರು ಬಂದಿದೆ, ನಗಬಾರದಾ?"

"ನಗ್ತಾನೇ ಇದೀನಲ್ಲ," ಅಂದ ಹಾಲಿಸ್, ಹಲ್ಲು ಕಚ್ಚಿಕೊಂಡು.

"ಒಳಗೊಳಗೇ ನಗೋದು ನಂಗೆ ಕಾಣ್ಸಲ್ಲಪ್ಪ."

ಅವಳು ಹೋದ ಮೇಲೆ ಅವನು ಊಟದ ಮೇಜಿನ ಮೇಲೆ ನಕ್ಷೆ ಹರಡಿದ. ಬೇಟೆಗೆ ದಾರಿ ತೋರಿಸುವವರನ್ನು ಗೊತ್ತು ಮಾಡುವುದು ಅವನಿಗೆ ಆಗದ ಮಾತು. "ಟಗರು ಹುಡುಕೋನು ಒಬ್ಬ, ಹೊಡೆಯೋನು ಇನ್ನೊಬ್ಬ ಆದ್ರೆ ಅದೆಂಥ ಬೇಟೆ? ನಾವೇ ಹುಡುಕಬೇಕು, ನಾವೇ ಹೊರಬೇಕು," ಅನ್ನುತ್ತಿದ್ದ. ಅದು ನನಗೂ ಸರಿಯೆನಿಸಿತ್ತು. ಆದರೆ ನಕ್ಷೆಯ ಮೇಲೆ ಅವನ ಬೆರಳು ಓಡಿದಾಗ ಬಂದ ಮಾತೇ ಬೇರೆ.

"ನಾನು ಈ ಹಳ್ಳದಿಂದ ಹತ್ತುತೀನಿ. ಇಲ್ಲಿ ದುರ್ಬೀನು ಇಡ್ತೀನಿ. ಟಗರು ಈ ಕಡೆ ಮಲಗಿದ್ರೆ ನಾನು ಗಾಳಿ ನೋಡ್ಕೊಂಡು ಹೀಗೆ ಸುತ್ತಿ ಬರ್ತೀನಿ..."

"ಆವಾಗ ನಾನೆಲ್ಲಿರ್ತೀನಿ?" ಅಂತ ಕೇಳಿದೆ.

ಅವನು ನಕ್ಷೆಯಲ್ಲಿ ನನ್ನನ್ನು ಹುಡುಕಿದ. ಸಿಗಲಿಲ್ಲ.

ಚೀಟಿ ಬಂದವರಿಗೆಲ್ಲ ವನ್ಯಜೀವಿ ಇಲಾಖೆಯವರು ಒಂದು ಪಾಠ ಇಟ್ಟಿದ್ದರು. ಕೊಂಬಿನ ಸುತ್ತು ನೋಡಿ ವಯಸ್ಸು ಹೇಳುವುದು, ಹೆಣ್ಣನ್ನು ಎಳೆಗಂಡಿನಿಂದ ಬೇರೆ ಮಾಡುವುದು ಇಂಥವೆಲ್ಲ. ಹಾಲಿಸ್ ಹೊಸ ಅಂಗಿ ತೊಟ್ಟು ನನ್ನ ಜೊತೆ ಹೊರಟ. ಪಾಠ ಹೇಳಲು ಬಂದವಳು ಆರ್ಚುಲೆಟಾ ಎಂಬ ಚುರುಕು ಹುಡುಗಿ. ಅವಳು ಪರದೆಯ ಮೇಲೆ ಚಿತ್ರ ಹಾಕುವುದೇ ತಡ, ಹಾಲಿಸ್‌ನ ಕೈ ಮೇಲೆ. "ಅದು ಮುದಿ ಟಗರು, ಮೇಡಂ." "ಅದು ಹೆಣ್ಣು, ಕೊಂಬಿನ ಬುಡ ತೆಳ್ಳಗಿದೆ." "ಅದನ್ನ ಹೊಡೀಬಾರದು, ಇನ್ನೂ ಎಳೇದು." ಯಾರಾದರೂ ತಪ್ಪು ಹೇಳಿದರೆ ಅವನಿಗೆ ಕುರ್ಚಿಯಲ್ಲಿ ಮುಳ್ಳು ಚುಚ್ಚಿದ ಹಾಗಾಗುತ್ತಿತ್ತು.

"ಎಲ್ಲಾ ಸರಿಯಾಗೇ ಹೇಳ್ತಿದೀರ ಸರ್," ಅಂದಳು ಆ ಹುಡುಗಿ ನಕ್ಕು. "ತಮ್ಮ ಹೆಸರು?"

ಹೆಸರು ಹೇಳಿದ. ಅವಳು ಪಟ್ಟಿಯಲ್ಲಿ ಹುಡುಕಿದಳು. "ಚೀಟಿ ಬಂದವರಲ್ಲಿ ನೀವಿಲ್ವಲ್ಲ?"

ಕೋಣೆಯೆಲ್ಲ ನಮ್ಮತ್ತ ತಿರುಗಿತು. ವಾತಾವರಣ ತಿಳಿಯಾಗಲಿ ಅಂತ ನಾನು, "ಅವರು ನನ್ನ ಡ್ರೈವರ್," ಅಂದೆ. ಎಲ್ಲರೂ ಗೊಳ್ಳೆಂದರು. ಹಾಲಿಸ್‌ನ ಕಿವಿ ಕೆಂಪಾಯಿತು. ಆ ಮೇಲೆ ಅವನ ಕೈ ಏಳಲಿಲ್ಲ. ಕೊನೆಗೆ ಆ ಹುಡುಗಿ, ಬೇಟೆ ಬೇಡವೆನಿಸಿದವರು ಶುರುವಾಗುವ ಮೊದಲು ಚೀಟಿ ವಾಪಸ್ ಕೊಡಬಹುದು, ಅದು ಇನ್ನೊಬ್ಬರಿಗೆ ಹೋಗುತ್ತದೆ ಎಂದಳು. ಆಗ ಮಾತ್ರ ಅವನು ತಲೆಯೆತ್ತಿದ.

ಮನೆಗೆ ಬರುವ ದಾರಿಯಲ್ಲಿ ಶುರುವಾಯಿತು. "ಅಲ್ಲ ಕಣೇ, ನಿನ್ನ ಮೊಣಕಾಲಿಗೆ ಆ ಬೆಟ್ಟ ಆಗುತ್ತಾ?"

"ನನ್ನ ಮೊಣಕಾಲಿಗೆ ಏನಾಗಿದೆ?"

"ಇವತ್ತು ಏನೂ ಆಗಿಲ್ಲ, ಆಗೋದು ಬೇಡ ಅಂತಾನೇ ಹೇಳ್ತಿರೋದು."

ಒಂದು ವಾರ ಮೊಣಕಾಲು. ಇನ್ನೊಂದು ವಾರ ಬಿಸಿಲು: ಹೊಡೆದ ಮಾಂಸ ಕೆಳಗಿಳಿಸುವಷ್ಟರಲ್ಲಿ ಹಾಳಾಗುತ್ತದೆ. ಆಮೇಲೆ ಹಾವು. ಆಮೇಲೆ ಮಳೆಯಿಲ್ಲ, ಒಳ್ಳೆಯ ಟಗರುಗಳೆಲ್ಲ ಬೇರೆ ಬೆಟ್ಟಕ್ಕೆ ಹೋಗಿವೆ. ಕೇಳಿದವರಿಗೆ ಕಾಳಜಿಯಂತೆಯೇ ಕಾಣುತ್ತಿತ್ತು. ಆದರೆ ಚೀಟಿ ವಾಪಸಾದರೂ ಅವನಿಗೇನೂ ಸಿಗುವುದಿಲ್ಲ, ಗುರುತಿಲ್ಲದ ಯಾರಿಗೋ ಹೋಗುತ್ತದೆ. ಗುರುತಿಲ್ಲದವನು ಹೊಡೆದರೆ ಪರವಾಗಿಲ್ಲ, ಹೆಂಡತಿ ಹೊಡೆಯಬಾರದು. ಹೊಟ್ಟೆಕಿಚ್ಚಿನ ಲೆಕ್ಕವೇ ಹಾಗೆ. ಅದು ದೂರದವರನ್ನು ಸುಡುವುದಿಲ್ಲ, ಪಕ್ಕದ ದಿಂಬಿನವರನ್ನೇ ಸುಡುತ್ತದೆ.

ವಿಚಿತ್ರವೆಂದರೆ, ಅವನು ಬೇಡವೆಂದಷ್ಟೂ ನನಗೆ ಬೇಕೆನಿಸತೊಡಗಿತು. ಆ ಬೆಟ್ಟದಲ್ಲಿ ಅಷ್ಟು ವರ್ಷ ಇವನು ಏನು ನೋಡಿದ ಅನ್ನುವುದನ್ನು ನಾನೂ ನೋಡಬೇಕಿತ್ತು. ಕೆಲಸ ಮುಗಿಸಿ ಬಂದು ಬೆನ್ನಿಗೆ ಮರಳುಚೀಲ ಹೊತ್ತು ಊರಾಚೆಯ ದಿಣ್ಣೆ ಹತ್ತಿ ಇಳಿದೆ. ಬಂದೂಕಿನ ಗುರಿ ಸರಿಮಾಡಿಸಿಕೊಂಡೆ. ಹಾಲಿಸ್ ಕಿಟಕಿಯಲ್ಲಿ ನಿಂತು ನೋಡುತ್ತಿದ್ದ, ಹೊರಗೆ ಬರುತ್ತಿರಲಿಲ್ಲ.

ಕೊನೆಗೆ ನಾನೇ ಒಂದು ಒಪ್ಪಂದ ಹೇಳಿದೆ. "ಒಂದು ಸಲ ಹೋಗಿ ನೋಡಿ ಬರೋಣ. ಹೊಡೆಯೋಂಥ ಟಗರು ಕಾಣದಿದ್ರೆ ಚೀಟಿ ವಾಪಸ್. ಕಂಡ್ರೆ ನಾನು ಹೋಗೋದೇ. ಆಮೇಲೆ ನೀನು ತುಟಿ ಬಿಚ್ಚಬಾರದು."

"ಕಂಡ್ರೆ ತಾನೆ?" ಅಂದ. ಒಪ್ಪಿದ.

ಬೇಟೆ ಶುರುವಾಗುವ ಮೊದಲು, ಅಕ್ಟೋಬರಿನಲ್ಲಿ, ಬೇಟೆ ನಡೆಯುವುದಾದರೆ ಬೆಟ್ಟದಲ್ಲೇ ಇಟ್ಟುಬರಲೆಂದು ಟ್ರಕ್ಕಿಗೆ ನೀರಿನ ಕ್ಯಾನುಗಳನ್ನು ಹೇರಿಕೊಂಡು ಹೊರಟೆವು. ಒಣಹಳ್ಳದ ಬಾಯಲ್ಲಿ ಟ್ರಕ್ಕು ನಿಲ್ಲಿಸಿ, ಅಲ್ಲಿಗೇ ಕಾಣುವ ಒಂದು ದಿಬ್ಬದ ಮೇಲೆ ಹಾಲಿಸ್ ಮುಕ್ಕಾಲಿ ಊರಿ ದುರ್ಬೀನು ಕೂರಿಸಿದ. ನನಗೆ ಕೈಯಲ್ಲಿ ಹಿಡಿಯುವ ಸಣ್ಣದೊಂದನ್ನು ಕೊಟ್ಟ. ಅದರಲ್ಲಿ ನನಗೆ ಕಂಡದ್ದು ಬಂಡೆ, ಬಂಡೆಯ ನೆರಳು, ಮತ್ತೆ ಬಂಡೆ.

ಹಾಲಿಸ್ ಸೂರ್ಯಕಾಂತಿ ಬೀಜ ಬಾಯಿಗೆ ಹಾಕಿಕೊಂಡು, ಸಿಪ್ಪೆ ಉಗುಳುತ್ತ, ಮಾತಾಡುತ್ತ ನೋಡುವವನು. "ಅಲ್ಲೊಂದು ಹೆಣ್ಣು. ಅದರ ಹಿಂದೆ ಮರಿ. ಮೇಲೆ ಏನಿಲ್ಲ. ನೋಡಿದ್ಯಾ, ನಾನು ಹೇಳ್ಲಿಲ್ವಾ, ಏನಿಲ್ಲ."

ಬೆಟ್ಟ ಓದಲು ನನಗೆ ಬಾರದು. ಗಂಡನನ್ನು ಓದಲು ಬರುತ್ತದೆ. ಮಧ್ಯಾಹ್ನ ಇಳಿಯುತ್ತಿದ್ದಂತೆ ಅವನ ದವಡೆ ನಿಂತಿತು. ಸಿಪ್ಪೆ ಉಗುಳಲಿಲ್ಲ. ಉಸಿರು ಕೂಡ ಮೆಲ್ಲಗಾಯಿತು. ಹಾಗೇ ಬಹಳ ಹೊತ್ತು ಕೂತಿದ್ದು ಎದ್ದ.

"ನೀರು ತರ್ತೀನಿ," ಅಂದು ಟ್ರಕ್ಕಿನ ಕಡೆ ಇಳಿದುಹೋದ. ತುಂಬಿದ ಬಾಟಲಿ ಅವನು ಕೂತ ಕಲ್ಲಿನ ಪಕ್ಕದಲ್ಲೇ ಇತ್ತು.

ನಾನು ಜರುಗಿ, ದುರ್ಬೀನನ್ನು ಮುಟ್ಟದೆ ಕಣ್ಣಿಟ್ಟೆ.

ಚಾಚಿಕೊಂಡ ಬಂಡೆಯ ನೆರಳಿನಲ್ಲಿ ಟಗರು ಮಲಗಿತ್ತು. ಕಲ್ಲಿನದೇ ಬಣ್ಣ, ಮೆಲುಕು ಹಾಕುವ ಬಾಯಿ ಆಡದಿದ್ದರೆ ಕಲ್ಲೆಂದೇ ಬಿಡುತ್ತಿದ್ದೆ. ಕೊಂಬುಗಳು ಕಿವಿಯ ಹಿಂದೆ ಸುತ್ತಿ ಕೆನ್ನೆಯ ಕೆಳಗಿಳಿದು ಮತ್ತೆ ಮೇಲೆದ್ದಿದ್ದವು. ಬಲಗೊಂಬಿನ ತುದಿ ಮುರಿದು ಮೊಂಡಾಗಿತ್ತು. ಮುದಿಯಾಗಿದ್ದರೂ ಇಡೀ ಕಣಿವೆ ತನ್ನದೆಂಬ ಹಾಗೆ ಕೂತಿತ್ತು. ಇದಕ್ಕಾಗಿಯಾ ಇವನು ನನ್ನ ಊಟದ ಹೊತ್ತುಗಳನ್ನೆಲ್ಲ ಇಲ್ಲಿಗೆ ತಂದು ಸುರಿದದ್ದು! ಕೋಪಕ್ಕಿಂತ ಮೊದಲು ಬಂದದ್ದು, ಇಷ್ಟು ದಿನ ನನ್ನನ್ನು ಯಾಕೆ ಕರೆತರಲಿಲ್ಲ ಅನ್ನುವ ಹೊಟ್ಟೆಉರಿ.

ಅವನು ಬರುವಷ್ಟರಲ್ಲಿ ನಾನು ನನ್ನ ಕಲ್ಲಿಗೆ ಮರಳಿದ್ದೆ.

"ಏನಿಲ್ಲ ಕಣೇ. ಖಾಲಿ ಬೆಟ್ಟ," ಅಂದ, ನನ್ನ ಮುಖ ನೋಡದೆ. "ಹೊರಡೋಣ. ನಾಳೆ ಚೀಟಿ ವಾಪಸ್ ಕೊಟ್ಬಿಡು."

"ಸರಿ," ಅಂದೆ. ಚೀಲ ಕಟ್ಟುತ್ತ, ನನಗೆ ನಾನೇ ಹೇಳಿಕೊಳ್ಳುವ ಹಾಗೆ ಸೇರಿಸಿದೆ: "ಪಾಪ, ಎಡಗೊಂಬು ಮುರಿದುಕೊಂಡಿದೆ ಅದು."

"ಎಡದ್ದಲ್ಲ ಕಣೇ, ಬಲದ್ದು," ಅಂದ ಹಾಲಿಸ್.

ಅಂದವನು ಹಾಗೇ ನಿಂತುಬಿಟ್ಟ. ಕೈಯಲ್ಲಿದ್ದ ಬಾಟಲಿಯ ಮುಚ್ಚಳ ತಿರುಗಿಸಿದ, ಮತ್ತೆ ತಿರುಗಿಸಿದ. ನಾನು ಕಟ್ಟುತ್ತಿದ್ದ ಚೀಲ ಕೆಳಗಿಟ್ಟೆ. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಆಮೇಲೆ ಕಲ್ಲಿನ ಮೇಲೆ ಕುಸಿದು ಕೂತ. "ಈ ವರ್ಷ ಕಂಡಿದ್ದಲ್ಲ ಅದು. ಅದು ಮರಿಯಾಗಿದ್ದಾಗಿಂದ ನೋಡಿದೀನಿ. ಆ ಕೊಂಬು ಮುರಿದ ವರ್ಷಾನೂ ಗೊತ್ತು. ನೀನು ಅದನ್ನ ಒಂದು ಸಲ ನೋಡಿ ಹೊಡೆದುಬಿಡ್ತೀಯ. ನಂಗೆ... ತಡೆಯೋಕಾಗ್ತಿಲ್ಲ ಟ್ವೈಲಾ. ಉರಿಯುತ್ತೆ."

"ಗೊತ್ತು."

"ನೋರೀನನ್ನ ಕರ್ಕೊಂಡು ಹೋಗು. ಅದು ಮಲಗೋ ಜಾಗ, ನೀರಿಗೆ ಬರೋ ದಾರಿ, ಎಲ್ಲಾ ಹೇಳ್ಕೊಡ್ತೀನಿ. ನಾನು ಮನೇಲಿರ್ತೀನಿ. ಜೊತೆಗೆ ಬಂದ್ರೆ ಕೆಡಿಸ್ತೀನಿ."

ಅವನು ಅಷ್ಟು ನಿಜ ಹೇಳಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಒಪ್ಪಿಬಿಡುವುದು ಸುಲಭವಿತ್ತು. ಆದರೆ ಮನೆಯಲ್ಲಿ ಕೂತು ಉರಿಯುವುದು ಎಂಥದ್ದೆಂದು ಆ ಮನೆಯಲ್ಲಿ ಕೂತಿದ್ದ ನನಗೆ ಗೊತ್ತು. ಹಾಗೆ ಉರಿದದ್ದು ಬೇಗ ಆರುವುದಿಲ್ಲ.

"ನೋಡೋ," ಅಂದೆ, "ಇಷ್ಟು ವರ್ಷ ನೀನು ಇಲ್ಲಿ, ನಾನು ಅಲ್ಲಿ. ನಾನೂ ಉರಿದುಕೊಂಡೇ ಇದ್ದೆ. ನಿಂಗೆ ಹೊಗೆ ಕೂಡ ಕಾಣ್ಸಲಿಲ್ಲ. ಈಗ ನಿನ್ನ ಸರದಿ, ಆದ್ರೆ ದೂರ ಕೂತಲ್ಲ. ನನ್ನ ಪಕ್ಕದಲ್ಲೇ ಕೂತು ಉರಿ. ಬಂದೂಕು ನನ್ನದು. ಯಾವ ಟಗರು, ಹೊಡೆಯೋದಾ ಬಿಡೋದಾ, ಅದೂ ನನ್ನ ಮಾತು. ಇದನ್ನೇ ಹೊಡೀತೀನಿ ಅಂತ ನಾನು ಹೇಳಿಲ್ಲ. ನಿನ್ನ ಅರ್ಜಿ ಮುಂದಿನ ವರ್ಷಾನೂ ಇದೆ."

"ನೀನು ಬಿಟ್ರೂ ಅದು ಮುಂದಿನ ವರ್ಷಕ್ಕೆ ಉಳಿಯಲ್ಲ. ಹಲ್ಲು ಸವೆದಿರುತ್ತೆ," ಅಂದ ಮೆಲ್ಲಗೆ. ಆಮೇಲೆ ಮೂಗು ಒರೆಸಿಕೊಂಡು, "ಬೇಟೆಗೆ ನೀರು ಎಲ್ಲಿಡ್ತೀಯ?" ಅಂತ ಕೇಳಿದ. ಎಲ್ಲಿಡ್ತೀನಿ ಅನ್ನಲಿಲ್ಲ. ಎಲ್ಲಿಡ್ತೀಯ ಅಂದ.

"ಮೇಲೆ, ಆ ಎರಡು ಗುಡ್ಡದ ನಡುವಿನ ತಗ್ಗಲ್ಲಿ."

"ಅಷ್ಟು ಮೇಲಾ? ಹಳ್ಳದ ಬಾಯಲ್ಲೇ ಇಟ್ರೆ ಸಾಕಲ್ವೇನೇ? ಕ್ಯಾನು ಎಷ್ಟು ಭಾರ ಗೊತ್ತಾ?"

"ನನಗ್ಯಾಕೆ ಗೊತ್ತಾಗಬೇಕು? ಹೊರೋನು ನೀನು."

ಅವನು ಗೊಣಗುತ್ತ ಇಳಿದುಹೋಗಿ, ಎರಡು ಕೈಗೂ ಕ್ಯಾನು ಹಿಡಿದು, ಟಗರಿಗೆ ಕಾಣದ ಹಾಗೆ ದಿಬ್ಬದ ಹಿಂಬದಿಯಿಂದ ಹತ್ತತೊಡಗಿದ. ನಾನು ದುರ್ಬೀನಿನ ಮುಂದೆ ಕೂತೆ. ಬಂಡೆಯ ನೆರಳು ಉದ್ದವಾಗಿತ್ತು. ಟಗರು ಮುಂಗಾಲು ಮಡಿಚಿ, ಹಿಂಗಾಲೂರಿ, ಎದ್ದು ನಿಂತಿತು. ಮೈ ನೀಡಿತು. ಆ ಭಾರದ ತಲೆಯನ್ನು ನಿಧಾನವಾಗಿ ನಮ್ಮತ್ತ ತಿರುಗಿಸಿತು.

ಹಿಂದಿನಿಂದ ಹಾಲಿಸ್‌ನ ಪಿಸುದನಿ ಬಂತು. ಅಲ್ಲಿಂದ ಅವನಿಗೆ ಏನೂ ಕಾಣುತ್ತಿರಲಿಲ್ಲ.

"ಎದ್ದಿತಾ? ಏನ್ಮಾಡ್ತಿದೆ? ಯಾವ ಕಡೆ ಹೊರಟಿದೆ? ಹೇಳೇ ಮಾರಾಯ್ತಿ!"

ಹೇಳಬೇಕೆಂದಿದ್ದೆ. ಅದಕ್ಕೆ ಮೊದಲು ಇನ್ನೊಂದಿಷ್ಟು ಹೊತ್ತು ಅದನ್ನು ನಾನೊಬ್ಬಳೇ ನೋಡಿದೆ.