ಒಂದನೇದಾ, ಎರಡನೇದಾ

ರಿಪೇರಿಯವನು ಮೇಜಿನ ಕೆಳಗೆ ಮಂಡಿಯೂರಿ, ಬಾಯಲ್ಲಿ ಸ್ಕ್ರೂಡ್ರೈವರ್ ಕಚ್ಚಿಕೊಂಡು, ಎರಡು ವೈರುಗಳ ತುದಿ ಹೊಸೆಯುತ್ತಿದ್ದ. ಗಾಜಿನ ಕಿಟಕಿಯ ಆಚೆ, ರೆಕಾರ್ಡಿಂಗ್ ಕೋಣೆಯ ನಟ್ಟನಡುವೆ, ಮೌನಿಯನ್ನು ಮಲಗಿಸಿದ್ದರು. ನಿನ್ನೆ ಬೆಳಗ್ಗೆ ಹಲ್ಲುಜ್ಜಿ ಬಂದು ಕುರ್ಚಿಯಲ್ಲಿ ಕೂತವನು ಮತ್ತೆ ಏಳಲಿಲ್ಲ. ನರಳಲಿಲ್ಲ, ಯಾರ ಕೈಲೂ ಸೇವೆ ಮಾಡಿಸಿಕೊಳ್ಳಲಿಲ್ಲ. ಸಾಯುವುದರಲ್ಲೂ ಅದೃಷ್ಟವಂತ ಬಡ್ಡೀಮಗ, ಎಂದುಕೊಂಡ ರಿಪೇರಿಯವನು. ಹಾಗೆ ಅಂದುಕೊಂಡದ್ದಕ್ಕೆ ನಾಚಿಕೆಯಾಗಿ ಸ್ಕ್ರೂಡ್ರೈವರನ್ನು ಇನ್ನಷ್ಟು ಗಟ್ಟಿಯಾಗಿ ಕಚ್ಚಿಕೊಂಡ.

"ಆಯ್ತಾ ಚಿಕ್ಕಪ್ಪಾ?" ಮೌನಿಯ ಮಗಳು ಬಾಗಿಲಲ್ಲಿ ನಿಂತಿದ್ದಳು. ಅತ್ತು ಅತ್ತು ಮೂಗು ಕೆಂಪಾಗಿತ್ತು. "ಅಂಗಳದಲ್ಲೂ ಜನ ತುಂಬ್ಕೊಂಡಿದ್ದಾರೆ. ಅಪ್ಪ ಮಾಡಿದ ರೆಕಾರ್ಡಿಂಗ್ ಹಾಕಿ ಅಂತ ಎಲ್ಲರೂ ಕೇಳ್ತಿದ್ದಾರೆ."

ಅವನು ತಲೆ ಹೊರಗೆ ಹಾಕಿ, ಸ್ಕ್ರೂಡ್ರೈವರನ್ನು ಬಾಯಿಂದ ತೆಗೆದ. "ಆಯ್ತು ಕಣಮ್ಮ. ಹೊರಗಿನ ಸ್ಪೀಕರಿಗೊಂದು ಕನೆಕ್ಷನ್ ಕೊಟ್ರೆ ಮುಗೀತು. ಇವೇನು ವೈರುಗಳೋ, ಇಲಿ ಬಾಲಗಳೋ! ನಿಮ್ಮಪ್ಪ ಒಂದಕ್ಕಾದ್ರೂ ಚೀಟಿ ಅಂಟಿಸಿದಾನಾ ನೋಡು."

"ಅಪ್ಪನಿಗೆ ಎಲ್ಲಾ ನೆನಪಿರ್ತಿತ್ತು."

"ಹೂಂ, ಇರ್ತಿತ್ತು ಇರ್ತಿತ್ತು," ಎಂದು ಅವನು ಮತ್ತೆ ಮೇಜಿನ ಕೆಳಗೆ ತಲೆ ತೂರಿಸಿದ.

ಮಹಡಿಯ ಮನೆ ಇಕ್ಕಟ್ಟೆಂದು ಕೆಳಗಿನ ಸ್ಟುಡಿಯೋದಲ್ಲೇ ಮಲಗಿಸಿದ್ದರು. ಗೋಡೆಗೆಲ್ಲ ಮೆತ್ತೆ ಹೊಡೆದ ಕೋಣೆ ಅದು. ಎಷ್ಟು ಜೋರಾಗಿ ಅತ್ತರೂ ದನಿ ಗೋಡೆಯಲ್ಲೇ ಇಂಗಿಹೋಗುತ್ತಿತ್ತು. ಅತ್ತವರಿಗೇ ತಾವು ಅತ್ತೆವೋ ಇಲ್ಲವೋ ಎಂದು ಅನುಮಾನ ಬಂದು ಇನ್ನೊಂದು ಸಲ ಅಳುತ್ತಿದ್ದರು. ಹೊಗಳಿಕೆ ಮಾತ್ರ ಅದು ಹೇಗೋ ಗಾಜು ದಾಟಿ ರಿಪೇರಿಯವನ ಕಿವಿಗೆ ನೆಟ್ಟಗೆ ಬಂದು ಬೀಳುತ್ತಿತ್ತು.

"ರೆಕಾರ್ಡಿಂಗ್ ಅಂದ್ರೆ ಈ ಮನುಷ್ಯಂದು. ಹಿಂದೆ ಒಂದು ಚೂರು ಸದ್ದಿರಲ್ಲ."

"ನಾನು ಕೊಳಲೂದಿದ್ರೆ ನನ್ನ ಉಸಿರು ಕೂಡ ಚೊಕ್ಕಟವಾಗಿ ಕೇಳಿಸೋದು ಕಣ್ರೀ," ಎಂದದ್ದು ಕೊಳಲಿನವರು. ಎಪ್ಪತ್ತು ದಾಟಿದ ಮುದುಕರು, ಮೌನಿಯ ಬಳಿ ಇಪ್ಪತ್ತು ವರ್ಷ ನುಡಿಸಿದವರು. "ಅಂಥ ಕಿವಿ ಇನ್ನು ಹುಟ್ಟಿ ಬರಬೇಕು."

ಕಿವಿಯಂತೆ ಕಿವಿ! ರಿಪೇರಿಯವನ ಹೊಟ್ಟೆಯೊಳಗೆ ಒಂದು ಹಳೆಯ ಕೆಂಡ ಮಗ್ಗುಲು ಬದಲಿಸಿತು. ಆ ಕಿವಿಯ ಹಣೆಬರಹ ಗೊತ್ತಿದ್ದದ್ದು ಈ ಲೋಕದಲ್ಲಿ ಇಬ್ಬರಿಗೆ ಮಾತ್ರ. ಒಬ್ಬಳು ಮೌನಿಯ ಹೆಂಡತಿ, ಇನ್ನೊಬ್ಬ ತಾನು. ಇವತ್ತು ದೊಡ್ಡ ಸ್ಪೀಕರಿನಲ್ಲಿ, ಇಷ್ಟು ಜನರ ಮುಂದೆ, ಅದು ಎಲ್ಲರಿಗೂ ಗೊತ್ತಾಗಲಿದೆ ಎಂದು ಅವನು ಹೆದರಿದ್ದ. ಆಗಲಿ ಎಂದೂ ಕಾದಿದ್ದ. ಹದಿನೆಂಟು ವರ್ಷದಿಂದ ಕಾದಿದ್ದ.

*

ನಲವತ್ತು ವರ್ಷದ ಹಿಂದೆ ಇಬ್ಬರೂ ಒಂದೇ ವಾರ ರೇಡಿಯೋ ಕಚೇರಿಗೆ ಕೆಲಸಕ್ಕೆ ಸೇರಿದವರು. ಮೌನಿ ಆರು ತಿಂಗಳಿಗೆ ದೊಡ್ಡವನು. ಅದೊಂದೇ ಕಾರಣಕ್ಕೆ ರಿಪೇರಿಯವನು ಅವನ ಹೆಂಡತಿಯನ್ನು ಅತ್ತಿಗೆ ಎನ್ನಬೇಕಾಯಿತು. ಮೌನಿ ಎಂಬುದೂ ಅಡ್ಡಹೆಸರೇ. ದಿನವಿಡೀ ವಟಗುಟ್ಟುವ ಮನುಷ್ಯ, ಕೆಂಪು ದೀಪ ಹತ್ತಿತೆಂದರೆ ಎಂಜಲು ಕೂಡ ನುಂಗುತ್ತಿರಲಿಲ್ಲ. ಹಾಡುವವರ ಮುಂದೆ ಮೈಕನ್ನು ಎಷ್ಟು ದೂರ, ಯಾವ ಓರೆಯಲ್ಲಿ ಇಡಬೇಕೆಂಬುದು ಅವನ ಕೈಗೆ ತಾನಾಗಿ ಬರುತ್ತಿತ್ತು. ಆದರೆ ಎಲ್ಲೋ ಕರೆಂಟು ಗುಂಯ್ ಎನ್ನುತ್ತಿದೆ, ಯಾವುದೋ ಬೆಸುಗೆ ಸಡಿಲವಾಗಿದೆ ಎಂದು ಮೊದಲು ಕಂಡುಹಿಡಿಯುತ್ತಿದ್ದವನು ರಿಪೇರಿಯವನು. ಅವನು ಕಂಡುಹಿಡಿಯುತ್ತಿದ್ದ, ಮೌನಿ ಹೊಗಳಿಸಿಕೊಳ್ಳುತ್ತಿದ್ದ.

ಅವರಿಬ್ಬರಿಗೂ ಕೆಲಸ ಕಲಿಸಿದ ಹಿರಿಯ ಎಂಜಿನಿಯರು ನಿವೃತ್ತರಾಗುವ ದಿನ ತಮ್ಮ ಸ್ವಂತದ ರಿಬ್ಬನ್ ಮೈಕನ್ನು ಮೌನಿಯ ಕೈಗಿಟ್ಟರು. ರಿಪೇರಿಯವನ ಬೆನ್ನು ತಟ್ಟಿ, ತಮ್ಮ ಹಳೆಯ ಸೋಲ್ಡರಿಂಗ್ ಕಡ್ಡಿ ಕೊಟ್ಟರು. "ನಿನಗೆ ಉಪಯೋಗಕ್ಕೆ ಬರುತ್ತೆ" ಎಂದರು. ಬಂತು, ನಿಜ. ಅದನ್ನೇ ಹಿಡಿದು ಅಂಗಡಿ ತೆರೆದ. ಮೌನಿ ಸ್ಟುಡಿಯೋ ತೆರೆದ.

ರಿಬ್ಬನ್ ಮೈಕೆಂದರೆ ಒಳಗೆ ಈರುಳ್ಳಿ ಸಿಪ್ಪೆಗಿಂತ ತೆಳ್ಳನೆಯ ಒಂದು ಲೋಹದ ಪಟ್ಟಿ. ಉಸಿರು ತಾಗಿದರೆ ಅಲುಗುತ್ತದೆ. ಅದು ಹಿಡಿಯುವಷ್ಟು ಹಿತವಾಗಿ ದನಿಯನ್ನು ಬೇರೆ ಮೈಕು ಹಿಡಿಯುವುದಿಲ್ಲ, ಆದರೆ ಹಿಡಿದದ್ದನ್ನು ಹೇಳುವುದು ಪಿಸುಮಾತಿನಲ್ಲಿ. ಆ ಪಿಸುಮಾತನ್ನು ಸಾವಿರ ಪಾಲು ದೊಡ್ಡದು ಮಾಡಲು ಪ್ರಿಆಂಪ್ ಎಂಬ ಪೆಟ್ಟಿಗೆ ಬೇಕು. ಸಾಧಾರಣ ಪೆಟ್ಟಿಗೆಯಾದರೆ ದನಿಯ ಜೊತೆಗೆ ತನ್ನ ಹೊಟ್ಟೆಯೊಳಗಿನ ಸುಯ್ ಎಂಬ ಸದ್ದನ್ನೂ ಸಾವಿರ ಪಾಲು ಮಾಡಿ ಕೊಡುತ್ತದೆ. ಒಗ್ಗರಣೆ ಹಾಕಿದ ಹಾಗೆ ಹಾಡಿನುದ್ದಕ್ಕೂ ಸುಯ್ ಅನ್ನುತ್ತಲೇ ಇರುತ್ತದೆ. ಪೆಟ್ಟಿಗೆ ಜೋರಾಗಿಯೂ ಇರಬೇಕು, ತೆಪ್ಪಗೂ ಇರಬೇಕು. ಅಂಥದ್ದು ಸಿಗುವುದು ಅಪರೂಪ.

ಹದಿನೆಂಟು ವರ್ಷದ ಹಿಂದೆ ಒಂದು ಮಧ್ಯಾಹ್ನ ಮೌನಿ ಅಂಗಡಿಗೆ ಬಂದು, ಅಂದಿನವರೆಗೆ ಹೆಂಡತಿಗಲ್ಲದೆ ಯಾರಿಗೂ ಹೇಳದ್ದನ್ನು ಹೇಳಿದ.

"ನನಗೆ ಸಣ್ಣ ಸದ್ದು ಕೇಳ್ತಿಲ್ಲ ಕಣೋ. ಹಕ್ಕಿ ಕೂಗೋದೂ ಕೇಳಲ್ಲ. ಹೋದದ್ದು ಇನ್ನು ಬರಲ್ಲ ಅಂತ ಡಾಕ್ಟರು ಅಂದ್ಬಿಟ್ರು."

"ಏಯ್, ತಮಾಷೆ ಮಾಡ್ತೀಯಾ?"

"ನಿನ್ನಾಣೆ. ಎರಡು ಪ್ರಿಆಂಪು ತರಿಸಿದೀನಿ, ಒಂದನ್ನ ಇಟ್ಕೊಂಡು ಒಂದನ್ನ ವಾಪಸ್ ಕಳಿಸ್ಬೇಕು. ಯಾವುದು ಸುಯ್ ಅನ್ನುತ್ತೆ ಅಂತ ನನಗೆ ಗೊತ್ತಾಗಲ್ಲ, ಆಮೇಲೆ ಊರಿಗೆಲ್ಲ ಗೊತ್ತಾಗುತ್ತೆ. ಬಂದು ಕೇಳಿ ಹೇಳು ಮಾರಾಯ."

ಹೆಸರು ನೋಡಿ ಹೇಳಬಾರದೆಂದು ಎರಡೂ ಪೆಟ್ಟಿಗೆಗಳ ಮೇಲೆ ಟವೆಲು ಹೊದಿಸಿದ್ದ. ಹೊರಗಿನ ಸದ್ದು ಬೀಳದಂತೆ ಮೈಕನ್ನು ಬೀರುವಿನೊಳಗೆ ಕಂಬಳಿಗಳ ನಡುವೆ ಇಟ್ಟು ಬಾಗಿಲು ಹಾಕಿದ, ದನಿಯನ್ನು ಕೊನೆಯವರೆಗೆ ಏರಿಸಿದ, ಹೆಡ್‌ಫೋನನ್ನು ಗೆಳೆಯನ ಕಿವಿಗಿಟ್ಟ. "ಇದು ಒಂದನೇದು." ಎಣ್ಣೆಗೆ ಸಾಸಿವೆ ಹಾಕಿದಂಥ ಸದ್ದು. "ಇದು ಎರಡನೇದು."

ಎರಡನೆಯದರಲ್ಲಿ ಏನೂ ಇರಲಿಲ್ಲ. ಇಂಥ ಪೆಟ್ಟಿಗೆಯೂ ಇರುತ್ತದೆಯೇ ಎಂದು ರಿಪೇರಿಯವನ ರೋಮ ನಿಂತಿತು. ಮರುಗಳಿಗೆಯೇ, ಇದೂ ಇವನಿಗೇ ಸಿಕ್ಕಿತಲ್ಲ ಎಂದು ಎದೆಯಲ್ಲಿ ಚುಳ್ ಎಂದಿತು. ಮೈಕೂ ಇವನಿಗೆ. ಹೆಸರೂ ಇವನಿಗೆ. ಈಗ ಇದೂ.

"ಒಂದನೇದನ್ನ ಇಟ್ಕೋ," ಎಂದುಬಿಟ್ಟ.

"ಹೌದಾ?"

"ಅನುಮಾನವೇ ಬೇಡ. ಒಂದನೇದು."

ನಾಲ್ಕು ದಿನ ಬಿಟ್ಟು ಯಾವುದನ್ನು ಇಟ್ಟುಕೊಂಡೆ ಎಂದು ಕೇಳಿದರೆ ಮೌನಿ ಕಣ್ಣು ಕಿರಿದು ಮಾಡಿ ನಕ್ಕ. "ನೀನು ಹೇಳಿದ ಮೇಲೆ ಇನ್ನೇನು, ತೀರ್ಮಾನ ಆಯ್ತಲ್ಲ!" ಅಂದಿನಿಂದ ರಿಪೇರಿಯವನು ಆ ಸ್ಟುಡಿಯೋದ ಹೊಸ್ತಿಲು ತುಳಿಯಲಿಲ್ಲ. ಪುರುಸೊತ್ತಿಲ್ಲ ಎನ್ನುತ್ತಿದ್ದ. ಮೌನಿಯೇ ಅಂಗಡಿಗೆ ಬರುತ್ತಿದ್ದ. ಅವನ ರೆಕಾರ್ಡಿಂಗುಗಳು ಅಂಗಡಿಯ ರೇಡಿಯೋದಲ್ಲಿ ಬಂದಾಗ ರಿಪೇರಿಯವನು ಕಿವಿಗೊಟ್ಟು ಕೂರುತ್ತಿದ್ದ. ಸುಯ್ ಎನ್ನುವುದು ಪ್ರತಿ ಸಲವೂ ಕೇಳುತ್ತಿತ್ತು. ಈ ಜನಕ್ಕೇನು ಕಿವಿಯಲ್ಲಿ ಹತ್ತಿ ತುಂಬಿದೆಯೇ ಎಂದು ಹಲ್ಲು ಕಡಿಯುತ್ತಿದ್ದ.

*

ಕನೆಕ್ಷನ್ ಮುಗಿಸಿ ಮೇಲೆದ್ದು, ಪರೀಕ್ಷೆಗೆಂದು ಮೌನಿಯ ರೆಕಾರ್ಡಿಂಗೊಂದನ್ನು ಹಾಕಿ ಹೆಡ್‌ಫೋನಿಟ್ಟುಕೊಂಡ. ಹಾಡಿಗೆ ಮೊದಲಿನ ನಾಲ್ಕು ಸೆಕೆಂಡು ಖಾಲಿ. ಅಲ್ಲೇ ಸುಯ್ ಎನ್ನಬೇಕು. ಅನ್ನಲಿಲ್ಲ. ದನಿ ಏರಿಸಿದ. ಕೊನೆಯವರೆಗೆ ಏರಿಸಿದ. ಆಹಾ, ಏನೇನೂ ಇಲ್ಲ!

ಕಿವಿ ಹೋಯಿತೆಂದು ಗಾಬರಿಯಾಗಿ ಹೆಡ್‌ಫೋನ್ ಕಿತ್ತು, ಕೈಗಡಿಯಾರವನ್ನು ತೋಳುದ್ದ ದೂರ ಹಿಡಿದ. ಟಿಕ್ ಟಿಕ್ ಎನ್ನುವುದು ಸ್ಪಷ್ಟವಾಗಿ ಕೇಳಿತು. ಕಿವಿ ಸರಿಯಾಗಿಯೇ ಇದೆ. ಇನ್ನೊಂದು ರೆಕಾರ್ಡಿಂಗ್ ಹಾಕಿದ, ಮತ್ತೊಂದು ಹಾಕಿದ. ಹದಿನೆಂಟು ವರ್ಷ ತನಗೆ ಕೇಳಿದ್ದು ತನ್ನ ಅಂಗಡಿಯ ಡಬ್ಬಾ ರೇಡಿಯೋದ ಸದ್ದು. ಬೇಕೆಂದು ಕೇಳಿಸಿಕೊಂಡ ಸದ್ದು.

ಅಷ್ಟರಲ್ಲಿ ಮೌನಿಯ ಹೆಂಡತಿ ಒಳಗೆ ಬಂದು ಸ್ಟೂಲಿನ ಮೇಲೆ ಕುಸಿದು ಕೂತರು. "ಎಲ್ಲರಿಗೂ ಉತ್ತರ ಹೇಳಿ ಹೇಳಿ ಸಾಕಾಯ್ತು ರಿಪೇರಿಯವ್ರೇ. ಐದು ನಿಮಿಷ ಇಲ್ಲೇ ಇರ್ತೀನಿ."

"ಕೂತ್ಕೊಳ್ಳಿ ಅತ್ತಿಗೆ. ನೀರು ಕುಡೀತೀರಾ?"

"ಬೇಡ."

ಅವನಿಗೆ ತಡೆದುಕೊಳ್ಳಲಾಗಲಿಲ್ಲ. "ಒಂದು ಮಾತು ಕೇಳ್ಲಾ? ಆವತ್ತು ಎರಡು ಪೆಟ್ಟಿಗೆ ತರಿಸಿದ್ನಲ್ಲ. ಯಾವುದನ್ನ ಇಟ್ಕೊಂಡ?"

"ಎರಡನೇದು."

"ನಾನು ಒಂದನೇದು ಅಂದಿದ್ದೆ."

"ಅದಕ್ಕೇ ಎರಡನೇದು."

ಆಕೆಗೆ ನಗು ಬಂತು. ಗಂಡ ಗಾಜಿನಾಚೆ ಮಲಗಿರುವುದು ನೆನಪಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ನೀವು ಅತ್ತ ಹೋಗಿದ್ದೇ ತಡ, ಮಹಡಿಗೆ ಬಂದು ಇವರು ಬಿದ್ದು ಬಿದ್ದು ನಕ್ರು. 'ಎರಡನೇದು ಕೇಳಿದಾಗ ಅವನ ಮುಖ ನೋಡ್ಬೇಕಿತ್ತು ಕಣೇ, ಹೊಟ್ಟೆಗೆ ಬೆಂಕಿ ಬಿದ್ದಂಗಾಗಿತ್ತು. ಅಂದ್ರೆ ಅದೇ ಸರಿಯಾದ್ದು' ಅಂದ್ರು. ಆಮೇಲೆ ಎಲ್ಲಾದಕ್ಕೂ ಅದೇ ಆಯ್ತು. ಹೆಡ್‌ಫೋನು, ಸ್ಪೀಕರು, ಕೊನೆಗೆ ಮಗಳಿಗೆ ಬಂದ ಎರಡು ಸಂಬಂಧ, ಎಲ್ಲಾನೂ ಅಂಗಡಿಗೆ ಬಂದು ನಿಮ್ಮನ್ನ ಕೇಳೋದು, ನೀವು ಬೇಡ ಅಂದಿದ್ದನ್ನ ಆರಿಸ್ಕೊಳ್ಳೋದು. ಅಳಿಯ ಬಂಗಾರದಂಥವನು ಸಿಕ್ಕ ನೋಡಿ."

ರಿಪೇರಿಯವನ ಮುಖ ಕಾದ ತವದಂತಾಯಿತು. "ಸಿಟ್ಟು ಬರ್ಲಿಲ್ವಾ ಅವನಿಗೆ?"

"ನನಗೆ ಬಂತು. ಇನ್ನು ಆ ಮನುಷ್ಯನ್ನ ಹತ್ತಿರ ಸೇರಿಸ್ಬೇಡಿ ಅಂದೆ. 'ಹುಚ್ಚಿ, ಅಂಥ ಕಿವಿ ಇನ್ನೆಲ್ಲಿ ಸಿಗುತ್ತೆ? ನಂದು ಬರೀ ಕೈ, ಕಿವಿ ಅವನದು' ಅಂದ್ರು."

ನಲವತ್ತು ವರ್ಷದಿಂದ ಯಾರ ಬಾಯಲ್ಲಾದರೂ ಕೇಳಬೇಕೆಂದು ಹಂಬಲಿಸಿದ್ದ ಮಾತು. ಹೇಳಬೇಕಾದವನು ಅದನ್ನು ಅಡುಗೆಮನೆಯಲ್ಲಿ ಹೆಂಡತಿಗೆ ಹೇಳಿ ಮುಗಿಸಿದ್ದ. ನನಗೇ ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತೋ, ಎಂದು ಗಾಜಿನ ಆಚೆ ನೋಡಿದ. ಗೊತ್ತಿದ್ದೂ ಅಂಗಡಿಗೆ ಬಂದು, ಪಕ್ಕದಲ್ಲಿ ಕೂತು, ಚಹಾ ಕುಡಿದು ಹೋಗುತ್ತಿದ್ದನಲ್ಲ. ದೊಡ್ಡತನದಲ್ಲೂ ಇವನೇ ಮೇಲು. ಆ ಹೊಟ್ಟೆಕಿಚ್ಚಿಗೆ ಅವನ ಕಣ್ಣಲ್ಲಿ ನೀರು ಬಂತು.

"ಅಮ್ಮಾ, ಗಾಡಿ ಬಂತು," ಎಂದು ಮಗಳು ಬಾಗಿಲಲ್ಲಿ ಇಣುಕಿದಳು.

ಆಕೆ ಎದ್ದು ಕಪಾಟಿನಿಂದ ಎರಡು ಡಿಸ್ಕು ತೆಗೆದು ಮೇಜಿನ ಮೇಲಿಟ್ಟರು. ಕೊಳಲಿನವರು ಒಂದೇ ರಾಗವನ್ನು ಎರಡು ಬೇರೆ ದಿನ ನುಡಿಸಿದ್ದು. "ಎತ್ಕೊಂಡು ಹೋಗೋವಾಗ ಇದನ್ನ ಹಾಕ್ಬೇಕು. ಯಾವುದು ಚೆನ್ನಾಗಿದೆ, ಕೇಳಿ ಹೇಳಿ."

ರಿಪೇರಿಯವನು ಎರಡನ್ನೂ ಕೇಳಿದ. ಮೊದಲನೆಯದನ್ನು ಎರಡು ಸಲ, ಎರಡನೆಯದನ್ನು ಮೂರು ಸಲ. ಹದಿನೆಂಟು ವರ್ಷದಲ್ಲಿ ಹೀಗೆ ಕೇಳಿರಲಿಲ್ಲ. ಎರಡನೆಯದರಲ್ಲಿ, ಕೊಳಲಿನವರು ಉಸಿರೆಳೆದುಕೊಳ್ಳಲು ನಿಲ್ಲಿಸಿದ ಕಡೆ, ಕುರ್ಚಿ ಕಿರ್ ಎಂದಿತ್ತು. ಮೌನಿಗೆ ಕೇಳದ ಸದ್ದು.

"ಮೊದಲನೇದು ಅತ್ತಿಗೆ. ಎರಡನೇದ್ರಲ್ಲಿ ಕುರ್ಚಿ ಸದ್ದಿದೆ. ಸತ್ಯವಾಗ್ಲೂ."

ಆಕೆ ಅವನ ಮುಖವನ್ನೇ ಒಂದು ಗಳಿಗೆ ನೋಡಿದರು. ಮೊದಲನೆಯದನ್ನು ಕಪಾಟಿಗಿಟ್ಟು, ಎರಡನೆಯದನ್ನು ಅವನ ಕೈಗೆ ಕೊಟ್ಟರು.

"ಇದನ್ನೇ ಹಾಕಿ. ಇವರಿದ್ದಿದ್ರೂ ಹೀಗೇ ಮಾಡ್ತಿದ್ರು."

"ಅತ್ತಿಗೆ, ಕೇಳಿ ಇಲ್ಲಿ..."

ಆಕೆ ಆಗಲೇ ಹೊರಟುಹೋಗಿದ್ದರು.

*

ಆರು ಜನ ಹೆಗಲು ಕೊಟ್ಟರು. ಕೊಳಲಿನವರು ಹೊರಲಾಗದೆ, ಒಳಗೆ ಬಂದು ರಿಪೇರಿಯವನ ಪಕ್ಕದಲ್ಲಿ ನಿಂತರು. ಅವನು ಗುಂಡಿ ಒತ್ತಿ, ದನಿ ಏರಿಳಿಸುವ ಫೇಡರನ್ನು ಮೆಲ್ಲನೆ ಮೇಲಕ್ಕೆ ಸರಿಸಿದ. ಕೋಣೆಯಲ್ಲಿ, ಅಂಗಳದಲ್ಲಿ, ಬೀದಿಯಲ್ಲಿ ಕೊಳಲು ತುಂಬಿಕೊಂಡಿತು. ಅಳುತ್ತಿದ್ದವರೂ ಅಳು ನಿಲ್ಲಿಸಿದರು. ಗೇಟಿನ ಬಳಿ ನಿಂತಿದ್ದ ಗಾಡಿಯವನು ಎಂಜಿನ್ ಆರಿಸಿದ.

ಇನ್ನು ಇಪ್ಪತ್ತು ಸೆಕೆಂಡಿಗೆ ಆ ಜಾಗ ಬರುತ್ತದೆ. ಊರೆಲ್ಲ ಬಾಯಿ ಮುಚ್ಚಿ ಕೇಳುತ್ತಿದೆ. ತಾನು ಏನೂ ಮಾಡಬೇಕಾಗಿಲ್ಲ, ಕೈಕಟ್ಟಿ ಸುಮ್ಮನೆ ನಿಂತರೆ ಸಾಕು. ಕಿರ್ ಎನ್ನುತ್ತದೆ. ಎಲ್ಲರೂ ತಲೆಯೆತ್ತುತ್ತಾರೆ. ಮೌನಿಯ ಕೊನೆಯ ಮೆರವಣಿಗೆಯಲ್ಲಿ, ಮೌನಿಯ ತಪ್ಪು. ತಾನು ಹೇಳಿದ್ದು ಸತ್ಯವೆಂದು ಅತ್ತಿಗೆಗೂ ಗೊತ್ತಾಗುತ್ತದೆ. ರಿಪೇರಿಯವನು ಕೈಕಟ್ಟಿ ನಿಂತ.

ಹೆಗಲು ಕೊಟ್ಟವರು ಹೊಸ್ತಿಲು ದಾಟುತ್ತಿದ್ದರು. ಕೊಳಲು ಕೆಳಗಿಳಿಯಿತು, ತೆಳುವಾಯಿತು, ನಿಂತಿತು.

ಅವನ ಬೆರಳು ಫೇಡರನ್ನು ಸರ್ರನೆ ಕೆಳಕ್ಕೆಳೆಯಿತು. ಒಂದು, ಎರಡು ಎಣಿಸುವಷ್ಟರಲ್ಲಿ ಮತ್ತೆ ಮೇಲಕ್ಕೆ ತಂದಿತು. ಕೊಳಲು ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಎದ್ದಿತು.

ಕೊಳಲಿನವರು ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿದರು. "ಆವತ್ತು ಇಲ್ಲೇ ನನ್ನ ಕುರ್ಚಿ ಕಿರುಗುಟ್ಟಿತ್ತು ಕಣ್ರೀ, ಚೆನ್ನಾಗಿ ನೆನಪಿದೆ. ಅದನ್ನೂ ಹೇಗೆ ಅಳಿಸಿದಾರೆ ನೋಡಿ! ಆ ಕಿವಿ ಯಾರಿಗಿದೆ ಹೇಳಿ ಈಗ?"

ರಿಪೇರಿಯವನು ದವಡೆ ಬಿಗಿಹಿಡಿದು, ಫೇಡರಿನ ಮೇಲಿಂದ ಬೆರಳು ತೆಗೆಯದೆ, ಗೇಟು ದಾಟುತ್ತಿದ್ದವರಿಗೂ ಕೇಳಲೆಂದು ದನಿಯನ್ನು ಇನ್ನೂ ಒಂದಿಷ್ಟು ಮೇಲಕ್ಕೇರಿಸಿದ.